ಅಕ್ಷರದ ಕೂಲಿ

ಘಾಟ್‌ಕೋಪರ್ ಸ್ಟೇಶನ್ನಿನಿಂದ ಹತ್ತು ನಿಮಿಷ ನಡೆದರೆ ನನ್ನ ಅಂಗಡಿ. ಅಂಗಡಿ ಅಂದರೆ ನೀವು ದೊಡ್ಡದೇನೋ ಅಂದುಕೊಳ್ಳಬೇಡಿ, ಎಂಟಡಿಗೆ ಹತ್ತಡಿ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಬಂದವರು ಕೂರಲಿಕ್ಕೆ ಎರಡು ಸ್ಟೂಲು. ಬ್ಯಾನರು, ಬೋರ್ಡು, ಮೆನು ಕಾರ್ಡು, ಮದುವೆ ಕಾಗದ ಎಲ್ಲ ಮಾಡಿಕೊಡುತ್ತೇನೆ. ಫ್ಲೆಕ್ಸ್ ಹೊಡೆಯುವ ಮೆಷಿನ್ನು ನನ್ನದಲ್ಲ. ಅದು ಸಾಕಿನಾಕಾ ಕಡೆ ಗಲ್ಲಿಯೊಂದರಲ್ಲಿದೆ. ನಾನು ಫೈಲು ಮಾಡಿ ಕಳಿಸುವವನು, ಅಷ್ಟೇ.

ಗೋಡೆಯ ಮೇಲೆ ಒಂದು ಹಲಗೆ ತೂಗು ಹಾಕಿದ್ದೇನೆ. ಮರಾಠಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಇದೆ. ಕನ್ನಡದ್ದು ಹೀಗೆ: "ಡಿಸೈನಿನ ಹಣ ಬೇರೆ. ಅರ್ಧ ಮುಂಗಡ. ಪ್ರೂಫ್ ಓದಿ ಸಹಿ ಹಾಕದೆ ಯಾವುದೂ ಪ್ರಿಂಟಿಗೆ ಹೋಗುವುದಿಲ್ಲ." ಮರಾಠಿಯವರು, ಗುಜರಾತಿಗಳು ಇದನ್ನು ಓದಿ ಚೌಕಾಶಿಗೆ ಇಳಿಯುತ್ತಾರೆ. ನಮ್ಮವರು ಓದಿ ಬೇಜಾರು ಮಾಡಿಕೊಳ್ಳುತ್ತಾರೆ.

ಬೇಜಾರು ಮಾಡುವವರು ಹೆಚ್ಚಾಗಿ ಮಳೆಗಾಲದಲ್ಲಿ ಬರುತ್ತಾರೆ. ಪತ್ತನಾಜೆ ಕಳೆದು ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನದ ಕಲಾವಿದರು ಮುಂಬಯಿ ಪ್ರವಾಸಕ್ಕೆ ಹೊರಡುವುದು ನಿಮಗೆ ಗೊತ್ತೇ ಇದೆ. ಇಲ್ಲಿ ಒಂದೊಂದು ಆಟಕ್ಕೂ ಒಂದೊಂದು ಸಮಿತಿ, ಒಂದೊಂದು ಸಮಿತಿಗೂ ಒಂದೊಂದು ಬ್ಯಾನರು. ಮೂವರು ಒಟ್ಟಿಗೆ ಬರುತ್ತಾರೆ. ಒಬ್ಬರ ಕೈಯಲ್ಲಿ ಪ್ರಸಂಗದ ಹೆಸರು, ಇನ್ನೊಬ್ಬರ ಮೊಬೈಲಿನಲ್ಲಿ ಮೂವತ್ತೆರಡು ದಾನಿಗಳ ಫೋಟೊ, ಮೂರನೆಯವರ ಕೈಯಲ್ಲಿ ಕ್ಯಾಲ್ಕುಲೇಟರು. ಹತ್ತಡಿಗೆ ಆರಡಿ ಅಂದರೆ ಅರವತ್ತು ಚದರಡಿ. ಅಡಿಗೆ 12 ರೂಪಾಯಿಯಂತೆ 720.

"ಏಳುನೂರ ಇಪ್ಪತ್ತು. ಡಿಸೈನು ಇದರಲ್ಲೇ ಬಂತಲ್ಲಾ?"

"ಇಲ್ಲ ಅಣ್ಣ. ಅದು ಬೇರೆ, ಐನೂರು."

"ಎಂತ ಮಾರಾಯ್ರೇ! ಕಂಪ್ಯೂಟರಲ್ಲಿ ಎರಡು ಸಲ ಒತ್ತುವುದಕ್ಕೆ ಐನೂರಾ? ನಾವು ನಾವೇ ಅಲ್ವಾ?"

ಎರಡು ಸಲ ಒತ್ತಿದರೆ ಆಗುವುದಾಗಿದ್ದರೆ ನನಗೂ ಸಂತೋಷವೇ. ಮೂವತ್ತೆರಡು ಫೋಟೊಗಳಲ್ಲಿ ಇಪ್ಪತ್ತು ವಾಟ್ಸಾಪಿನಲ್ಲಿ ಐದಾರು ಕೈ ದಾಟಿ ಸವೆದು ಬಂದಿರುತ್ತವೆ. ಅವನ್ನು ಹಿಗ್ಗಿಸಿದರೆ ಮೂಗಿನ ಜಾಗದಲ್ಲಿ ನಾಲ್ಕು ಚೌಕ ಕಾಣುತ್ತದೆ. ಒಬ್ಬರದು ಮದುವೆಯ ಫೋಟೊ, ಪಕ್ಕದಲ್ಲಿ ಹೆಂಡತಿಯ ಅರ್ಧ ಕಿವಿ. ಅದನ್ನು ಕತ್ತರಿಸಬೇಕು. ಅಧ್ಯಕ್ಷರ ತಲೆ ಉಪಾಧ್ಯಕ್ಷರ ತಲೆಗಿಂತ ಕಾಲು ಇಂಚಾದರೂ ದೊಡ್ಡದಿರಬೇಕು, ಆದರೆ ಮಾಜಿ ಅಧ್ಯಕ್ಷರಿಗೆ ಗೊತ್ತಾಗುವಷ್ಟು ದೊಡ್ಡದಿರಬಾರದು. ಅಂತೂ ಮೂವತ್ತೆರಡು ಮುಖಗಳ ಕೆಳಗೆ ಪ್ರಸಂಗದ ಹೆಸರಿಗೆ ಜಾಗ ಹುಡುಕುವ ಹೊತ್ತಿಗೆ ರಾತ್ರಿ ಹತ್ತಾಗಿರುತ್ತದೆ.

ಇರಲಿ. ಹಲಗೆಯ ಕಥೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಕಾರ್ಕಳದ ಕಡೆಯವನು. ಮುಂಬಯಿಗೆ ಬಂದದ್ದು 1986ರಲ್ಲಿ. ಆಗ ನನಗೆ ಹದಿನೈದು ವರ್ಷ, ಒಂಬತ್ತನೆಯಲ್ಲಿ ಲೆಕ್ಕ ಕೈಕೊಟ್ಟು ಶಾಲೆ ಬಿಟ್ಟಿದ್ದೆ. ನಮ್ಮ ಕಡೆ ಆಗ ಅಂಥ ಹುಡುಗರಿಗೆ ಒಂದೇ ದಾರಿ: ಬೊಂಬಾಯಿ ಬಸ್ಸು, ಸಂಬಂಧಿಕರ ಪರಿಚಯದ ಹೋಟೆಲು. ನನ್ನ ಹೋಟೆಲು ಕೋಟೆ ವಿಭಾಗದಲ್ಲಿತ್ತು. ಫೋರ್ಟ್ ಅನ್ನುವುದನ್ನು ಮುಂಬಯಿ ಕನ್ನಡಿಗರು ಕೋಟೆ ಎಂದೇ ಕರೆಯುವುದು. ಹಗಲು ಟೇಬಲ್ ಒರೆಸುವುದು, ಸಂಜೆ ಏಳಕ್ಕೆ ಕನ್ನಡ ರಾತ್ರಿ ಶಾಲೆ. ಹೋಟೆಲ್ ಮಾಣಿಗಳು, ಕ್ಯಾಂಟೀನ್ ಹುಡುಗರು, ಆಫೀಸಿನ ಜವಾನರು ಎಲ್ಲ ಒಂದೇ ಬೆಂಚಿನಲ್ಲಿ ತೂಕಡಿಸುತ್ತಾ ಕಲಿಯುತ್ತಿದ್ದೆವು. ಲೆಕ್ಕ ಅಲ್ಲೂ ಬರಲಿಲ್ಲ. ಅಕ್ಷರ ಮಾತ್ರ ದುಂಡಗಿತ್ತು.

ಹೋಟೆಲಿನ ಬಾಗಿಲಲ್ಲಿ ಒಂದು ಕರಿಹಲಗೆ. ಬೆಳಿಗ್ಗೆ ಅದರಲ್ಲಿ ಆ ದಿನದ ವಿಶೇಷ ಬರೆಯುವ ಕೆಲಸ ಹೇಗೋ ನನ್ನ ಪಾಲಿಗೆ ಬಂತು. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಬರೆದು, ಜಾಗ ಉಳಿದರೆ ಕೆಳಗೆ ಕನ್ನಡದಲ್ಲಿ "ನೀರು ದೋಸೆ" ಎಂದು ನನ್ನ ಖುಷಿಗೆ ಬರೆಯುತ್ತಿದ್ದೆ. ಒಂದು ದಿನ ಧಣಿಗಳು ಗಲ್ಲದಿಂದ ಎದ್ದು ಬಂದು ಹಲಗೆಯ ಮುಂದೆ ನಿಂತರು. ಬಯ್ಯುತ್ತಾರೆ ಎಂದು ನಾನು ಅಡುಗೆಮನೆ ಕಡೆ ಜಾರಿದೆ.

"ಇದು ಯಾರ ಅಕ್ಷರ? ಬಾ ಇಲ್ಲಿ" ಎಂದು ಕರೆದರು. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಆ ವರ್ಷ ಹೋಟೆಲಿಗೆ ಹೊಸ ಬೋರ್ಡು ಬರೆಸುವುದಿತ್ತು. ಗಿರಗಾಂವ್ ಕಡೆಯ ಮರಾಠಿ ಪೇಂಟರೊಬ್ಬರಿಗೆ ಒಪ್ಪಿಸಿದ್ದರು. ನಾವೆಲ್ಲ ಪೇಂಟರ್ ಕಾಕಾ ಎನ್ನುತ್ತಿದ್ದೆವು. ಕಾಕಾಗೆ ದೇವನಾಗರಿ, ಇಂಗ್ಲಿಷ್ ನೀರು ಕುಡಿದ ಹಾಗೆ, ಕನ್ನಡ ಮಾತ್ರ ಗೊತ್ತಿಲ್ಲ. ಧಣಿಗಳಿಗೋ ಕೆಳಗೆ ಒಂದು ಸಾಲು ಕನ್ನಡ ಬೇಕೇ ಬೇಕು. ಹೋಟೆಲಿನ ಹೆಸರು ಕೃಷ್ಣನದು, ಪೂರ್ತಿ ಹೆಸರು ಇಲ್ಲಿ ಬೇಡ. ನಾನು ಏಣಿ ಹತ್ತಿ, ಸುಣ್ಣದ ದಾರ ಹೊಡೆದ ಗೆರೆಯ ಮೇಲೆ ಪೆನ್ಸಿಲಿನಿಂದ ಕನ್ನಡ ಬರೆದುಕೊಟ್ಟೆ. ಕಾಕಾ ಅದರ ಮೇಲೆ ಬಣ್ಣ ತುಂಬಿದರು. ಷ-ಕ್ಕೆ ಕೊಟ್ಟ ಣ ಒತ್ತನ್ನು ನೋಡಿ, "ಈ ಮಗು ಯಾಕೆ ಕೆಳಗೆ ಬಿದ್ದಿದೆ?" ಎಂದು ಕೇಳಿದ್ದರು.

ಕೆಲಸ ಮುಗಿದ ಸಂಜೆ ಧಣಿಗಳು ಕಾಕಾಗೆ ಲೆಕ್ಕ ಮಾಡಿ ದುಡ್ಡು ಕೊಟ್ಟರು. ಆಗ ಬೋರ್ಡಿನ ಪೇಂಟರುಗಳ ಲೆಕ್ಕ ಅಕ್ಷರದ ಮೇಲೆ. ಇಷ್ಟು ಇಂಚಿನ ಅಕ್ಷರಕ್ಕೆ ಇಷ್ಟು ಎಂದು. ಆಮೇಲೆ ನನ್ನನ್ನು ಕರೆದು 50 ರೂಪಾಯಿಯ ಒಂದು ನೋಟು ಕೈಗಿಟ್ಟರು. ನನ್ನ ತಿಂಗಳ ಸಂಬಳವೇ 150. ನಾನು ಬೇಡ ಅಂದೆ. ನಾನು ಅವರ ಮಾಣಿಯಲ್ಲವೇ, ಏಣಿ ಹತ್ತು ಅಂದರೆ ಹತ್ತಬೇಕಾದವನೇ.

"ಬಣ್ಣ ಅವನದ್ದು, ಅಕ್ಷರ ನಿನ್ನದು. ಅವನದ್ದು ಅವನಿಗೆ ಕೊಟ್ಟೆ, ನಿನ್ನದು ನಿನಗೆ" ಎಂದು ಗಲ್ಲದ ಕಡೆ ತಿರುಗಿದರು. ಅವರು ಹೆಚ್ಚು ಮಾತಿನವರಲ್ಲ.

ಮುಂದೆ ಎರಡು ವರ್ಷ ರಜೆಯ ದಿನ ಕಾಕಾನ ಹಿಂದೆ ಡಬ್ಬಿ ಹಿಡಿದು ತಿರುಗಿದೆ. ಆಮೇಲೆ ಕಂಪ್ಯೂಟರು ಬಂತು. 1997ರಲ್ಲಿ ದಾದರಿನಲ್ಲಿ ಡಿಟಿಪಿ ಕಲಿತೆ, ಕೆಲವು ವರ್ಷ ಬೇರೆಯವರಲ್ಲಿ ದುಡಿದೆ, 2002ರಲ್ಲಿ ಈ ಅಂಗಡಿ ಹಾಕಿದೆ. ಅಷ್ಟರಲ್ಲಿ ಫ್ಲೆಕ್ಸು ಬಂದು ಬೋರ್ಡಿನ ಪೇಂಟರುಗಳ ಕುಂಚವೆಲ್ಲ ಒಣಗಿತ್ತು. ಕಾಕಾ ಕೊನೆಕೊನೆಗೆ ಟೆಂಪೊಗಳ ಹಿಂದೆ ನಂಬರು ಬರೆಯುತ್ತಿದ್ದರು. ಅದರ ಬಗ್ಗೆ ಬರೆಯಹೊರಟರೆ ಅದೇ ಒಂದು ಪುಸ್ತಕವಾಗುತ್ತದೆ.

ಫ್ಲೆಕ್ಸ್ ಬಂದ ಮೇಲೆ ಲೆಕ್ಕ ಅಕ್ಷರದಿಂದ ಚದರಡಿಗೆ ಜಾರಿತು. ಖಾಲಿ ಜಾಗಕ್ಕೂ ಅದೇ ರೇಟು, ಅಕ್ಷರ ಇರುವ ಜಾಗಕ್ಕೂ ಅದೇ ರೇಟು. ಹೀಗಾಗಿ ಅಕ್ಷರವನ್ನು ಕೂರಿಸುವವನಿಗೆ ಯಾವ ಕಾಲಮ್ಮಿನಲ್ಲೂ ಜಾಗವಿಲ್ಲದೆ ಹೋಯಿತು. ನಾನು ಹೊಸದರಲ್ಲಿ ಡಿಸೈನಿಗೆ ದುಡ್ಡು ಕೇಳುತ್ತಲೇ ಇರಲಿಲ್ಲ. ಫ್ಲೆಕ್ಸಿನ ಮೇಲೆ ಅಡಿಗೆ ನಾಲ್ಕೈದು ರೂಪಾಯಿ ಇಟ್ಟುಕೊಂಡು ಅದರಲ್ಲೇ ಸರಿದೂಗಿಸುತ್ತಿದ್ದೆ. ಅಲ್ಲಿ ಇಲ್ಲಿ ಮೆಷಿನ್ನುಗಳು ಹೆಚ್ಚಿ ರೇಟು ಇಳಿಯುತ್ತಾ ಬಂದ ಹಾಗೆ ಆ ನಾಲ್ಕೈದೂ ಹೋಗಿ ಒಂದಕ್ಕೆ ಬಂತು.

ಫೈಲು ಮಾಡುವುದು ಅಂದರೇನು ಎಂದು ಊರಿಗೆ ಹೋದಾಗ ಎಲ್ಲರೂ ಕೇಳುತ್ತಾರೆ. ಒಂದೆರಡು ಮಾತಿನಲ್ಲಿ ಹೇಳುತ್ತೇನೆ. ಪರದೆಯ ಮೇಲೆ ಕಾಣುವ ಬಣ್ಣ ಬೆಳಕಿನದು, ಫ್ಲೆಕ್ಸಿನ ಮೇಲೆ ಬೀಳುವುದು ಶಾಯಿಯದು. ಆರ್‌ಜಿಬಿಯಲ್ಲಿ ಮಾಡಿದ ಕುಂಕುಮದ ಕೆಂಪನ್ನು ಹಾಗೆಯೇ ಕಳಿಸಿದರೆ ಬರುವಾಗ ಇಟ್ಟಿಗೆಯ ಬಣ್ಣ ಆಗಿರುತ್ತದೆ. ಅದನ್ನು ಸಿಎಂವೈಕೆಗೆ ತಂದು, ನಾಲ್ಕು ಶಾಯಿಯ ಪಾಲು ಎಷ್ಟೆಷ್ಟು ಎಂದು ನಾವೇ ಹೇಳಬೇಕು. ನಮ್ಮ ಬಾವುಟದ ಹಳದಿಗೆ ಬರೀ ಹಳದಿ ನೂರು, ಬೇರೆಲ್ಲ ಸೊನ್ನೆ. ತಪ್ಪಿ ಐದು ಪಾಲು ನೀಲಿ ಸೇರಿತೋ, ರಾಜ್ಯೋತ್ಸವದ ಬ್ಯಾನರಿಗೆ ಕಾಮಾಲೆ. ಆಮೇಲೆ ಅಂಚು. ಮರದ ಫ್ರೇಮಿಗೆ ಮಡಚಿ ಮೊಳೆ ಹೊಡೆಯುತ್ತಾರೆ, ಸುತ್ತ ಮೂರು ಇಂಚು ಬಿಡಬೇಕು. ಬಿಡದೆ ಕಳಿಸಿದ ಒಂದು ಬ್ಯಾನರಿನಲ್ಲಿ ಉದ್ಘಾಟಕರ ಇನಿಶಿಯಲ್ಲು ಫ್ರೇಮಿನ ಹಿಂದೆ ಹೋಗಿತ್ತು. ಅವರು ಭಾಷಣದಲ್ಲಿ ಅದನ್ನೇ ಮೂರು ನಿಮಿಷ ಮಾತಾಡಿದರು.

ಇದೆಲ್ಲ ಯಾವ ಭಾಷೆಯ ಬೋರ್ಡಿಗೂ ಇರುವ ಪಾಡು. ಕನ್ನಡದ್ದೇ ಒಂದು ಬೇರೆ ಪಾಡು ಇದೆ, ಅದನ್ನು ಬೆಂಗಳೂರಿನಲ್ಲಿ ಕೂತವರಿಗೆ ತಿಳಿಸುವುದು ಸ್ವಲ್ಪ ಕಷ್ಟ. ನಿಮ್ಮಲ್ಲಿ ಫೈಲು ಮಾಡುವವನೂ ಕನ್ನಡ ಓದುತ್ತಾನೆ, ಮೆಷಿನ್ನಿನ ಹುಡುಗನೂ ಓದುತ್ತಾನೆ, ಮೊಳೆ ಹೊಡೆಯುವವನೂ ಓದುತ್ತಾನೆ. ನಾಲ್ಕು ಕಣ್ಣು ತಪ್ಪಿದರೂ ಐದನೆಯ ಕಣ್ಣಿಗೆ ಬೀಳುತ್ತದೆ. ಇಲ್ಲಿ ನಾನು ಕಳಿಸಿದ ಮೇಲೆ ಸಭೆಯ ಮುಂದಿನ ಸಾಲಿನವರು ನೋಡುವ ತನಕ ನಡುವೆ ಕನ್ನಡ ಬಲ್ಲ ಒಂದು ಜೀವವೂ ಇಲ್ಲ.

ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. ಪ್ರೆಸ್ಸಿನವನ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲವಾದರೆ ಕನ್ನಡ ಹೋಗಿ ಇಂಗ್ಲಿಷಿನ ಹುಚ್ಚು ಅಕ್ಷರಗಳು ಬರುತ್ತವೆ. ಇದು ಒಳ್ಳೆಯ ತಪ್ಪು. ಯಾಕೆಂದರೆ ಏನೋ ಕೆಟ್ಟಿದೆ ಎಂದು ಬಿಹಾರದ ಆಪರೇಟರನಿಗೂ ಗೊತ್ತಾಗುತ್ತದೆ, ಫೋನು ಮಾಡುತ್ತಾನೆ. ಯೂನಿಕೋಡ್ ಬಂದ ಮೇಲೆ ತಪ್ಪು ಜಾಣ ಆಯಿತು. ಅಕ್ಷರ ಕನ್ನಡವೇ ಆಗಿರುತ್ತದೆ, ಆದರೆ ಹಳೆಯ ಸಾಫ್ಟ್‌ವೇರಿಗೆ ಒತ್ತು ಜೋಡಿಸುವ ವಿದ್ಯೆ ಗೊತ್ತಿಲ್ಲದೆ ಒತ್ತಕ್ಷರ ಬಿಚ್ಚಿಕೊಂಡು ಸಾಲಾಗಿ ನಿಲ್ಲುತ್ತದೆ. ದೂರದಿಂದ ನೋಡುವವನಿಗೆ, ಕನ್ನಡ ಬಾರದವನಿಗೆ, ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇದಕ್ಕೆ ಮದ್ದು ಒಂದೇ. ಕೋರೆಲ್ ಡ್ರಾದಲ್ಲಿ ಎಲ್ಲ ಮುಗಿದ ಮೇಲೆ ಅಕ್ಷರಗಳನ್ನು ಆರಿಸಿ ಕಂಟ್ರೋಲ್ ಮತ್ತು ಕ್ಯೂ ಒತ್ತುವುದು. ಆಗ ಅಕ್ಷರ ಅಕ್ಷರವಾಗಿ ಉಳಿಯದೆ ಚಿತ್ರವಾಗುತ್ತದೆ, ಬರೀ ಗೆರೆ. ಫಾಂಟು ಇದ್ದರೂ ಇಲ್ಲದಿದ್ದರೂ ಅದು ಕದಲುವುದಿಲ್ಲ. ಹಾಗೆಂದು ಆಮೇಲೆ ಕಾಗುಣಿತ ತಿದ್ದಲಿಕ್ಕೂ ಆಗುವುದಿಲ್ಲ. ಅದಕ್ಕೇ ಎರಡು ಫೈಲು: ತಿದ್ದಲು ಬರುವ ಓಪನ್ ಫೈಲು ನನ್ನ ಹತ್ತಿರ, ಕರ್ವ್ ಮಾಡಿದ ಫೈಲು ಪ್ರೆಸ್ಸಿಗೆ. ಗಿರಾಕಿಗಳು ಆಗಾಗ "ಓಪನ್ ಫೈಲ್ ಕೊಡಿ" ಎನ್ನುತ್ತಾರೆ. ಅಂದರೆ ಮುಂದಿನ ವರ್ಷ ತಾರೀಕು ಮಾತ್ರ ಬದಲಿಸಿ ಬೇರೆ ಕಡೆ ಹೊಡೆಸುತ್ತೇವೆ ಅಂತ. ಕೊಡುತ್ತೇನೆ, ಅದಕ್ಕೂ ಬೇರೆ ದುಡ್ಡು.

ಎರಡು ಫೈಲಿನ ಈ ಪಾಠವನ್ನು ನಾನು ಹತ್ತು ಜನರಿಗೆ ಕಲಿಸಿದ್ದೇನೆ. ಕಲಿಸಿದವನೇ ಒಂದು ರಾತ್ರಿ ಮರೆತ.

2014ರ ಸೆಪ್ಟೆಂಬರ್ ಕೊನೆ. ಅಕ್ಟೋಬರ್ 15ಕ್ಕೆ ಮಹಾರಾಷ್ಟ್ರ ವಿಧಾನಸಭೆಯ ಚುನಾವಣೆ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಆ ವಾರವೇ ಧಣಿಗಳು ತೀರಿಕೊಂಡರು, ಎಂಬತ್ತು ದಾಟಿತ್ತು. ಶನಿವಾರ ಸಂಜೆ ಅವರ ಮಗ ಫೋನು ಮಾಡಿದರು. ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ, ವೇದಿಕೆಯ ಹಿಂದೆ ಹತ್ತಡಿ ಆರಡಿಯ ಒಂದು ಫ್ಲೆಕ್ಸು, ಕನ್ನಡದಲ್ಲೂ ಮರಾಠಿಯಲ್ಲೂ. "ಎಷ್ಟಾಗ್ತದೆ ಹೇಳಿ" ಅಂದರು. "ದುಡ್ಡಿನ ಮಾತು ಎತ್ತಬೇಡಿ" ಅಂದೆ. ಇನ್ನೇನು ಹೇಳಲಿ? ನನಗೆ ಮೊದಲ ಅಕ್ಷರದ ಕೂಲಿ ಕೊಟ್ಟವರ ಕೆಲಸ.

ಈಗ ನಿಜ ಹೇಳಬೇಕು. ಆ ರಾತ್ರಿ ನಾನು ಮೊದಲು ಕೂತದ್ದು ದುಡ್ಡಿನ ಕೆಲಸಕ್ಕೆ. ಒಬ್ಬ ಉಮೇದುವಾರನ ನಲವತ್ತು ಬ್ಯಾನರು. ಅವನ ಕಡೆಯವರು ಬೆನ್ನ ಹಿಂದೆ ನಿಂತು ಪ್ರೂಫಿನ ಮೇಲೆ ಪ್ರೂಫು ತೆಗೆಸಿ, ಹೆಸರಿನ ಕೆಳಗಿನ ಗೆರೆಯನ್ನೂ ಬೆರಳಿಟ್ಟು ನೋಡಿ ಸಹಿ ಹಾಕಿಹೋದರು. ಧಣಿಗಳ ಫ್ಲೆಕ್ಸಿಗೆ ಕೂರುವಾಗ ಹನ್ನೊಂದೂವರೆ. ಇಪ್ಪತ್ತು ನಿಮಿಷದಲ್ಲಿ ಮುಗಿಸಿದೆ. ಪ್ರೆಸ್ಸಿನಲ್ಲಿ ಕೋರೆಲ್ಲಿನ ಹಳೆಯ ವರ್ಶನ್ನು, ಅದಕ್ಕೆ ಹೊಂದುವ ಹಾಗೆ ಕೆಳಗಿನ ವರ್ಶನ್ನಿಗೆ ಸೇವ್ ಮಾಡಿ ಮೇಲ್ ಮಾಡಿದೆ. ಪ್ರೂಫ್ ತೆಗೆಯಲಿಲ್ಲ. ಕರ್ವ್ ಮಾಡಲಿಲ್ಲ. ನಿದ್ದೆ ಬಂದಿತ್ತು ಎನ್ನಬಹುದು. ಉಮೇದುವಾರನ ಕೆಲಸಕ್ಕೆ ನಿದ್ದೆ ಬಂದಿರಲಿಲ್ಲವಲ್ಲ.

ಫ್ಲೆಕ್ಸು ಪ್ರೆಸ್ಸಿನಿಂದ ಸೀದಾ ಹಾಲಿಗೆ ಹೋಗಿತ್ತು. ನಾನು ಹತ್ತು ಗಂಟೆಗೆ ಮುಟ್ಟಿದಾಗ ವೇದಿಕೆಯ ಹಿಂದೆ ಕಟ್ಟಿ ಆಗಿತ್ತು, ದೀಪ ಹಚ್ಚಿಯೂ ಆಗಿತ್ತು. ಮರಾಠಿ ಸಾಲು ಮುತ್ತಿನ ಹಾಗೆ ಬಂದಿತ್ತು, ಆ ಫಾಂಟು ಪ್ರೆಸ್ಸಿನಲ್ಲಿ ಇರುವಂಥದ್ದೇ. ಅದರ ಮೇಲೆ ಒಂದಡಿ ಎತ್ತರದ ಅಕ್ಷರದಲ್ಲಿ "ಶ್‌ರದ್‌ಧಾಂಜಲಿ". ಧಣಿಗಳ ಹೆಸರಿನಲ್ಲಿ ಎರಡು ಒತ್ತಕ್ಷರ, ಎರಡೂ ಬಿಚ್ಚಿಕೊಂಡು ಎದೆಯುಬ್ಬಿಸಿ ನಿಂತಿದ್ದವು.

ಸಭೆಯಲ್ಲಿ ಮುನ್ನೂರು ಜನ ಇದ್ದಿರಬೇಕು. ಅರ್ಧಕ್ಕರ್ಧ ಜನ ಗಮನಿಸಿರಲಿಕ್ಕಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಗಮನಿಸಿದವರು ಸಾವಿನ ಮನೆಯ ಮರ್ಯಾದೆಗೆ ಸುಮ್ಮನಿದ್ದರು. ಮುಂದಿನ ಸಾಲಿನಲ್ಲಿ ಅಮ್ಮ, ಅಂದರೆ ಧಣಿಗಳ ಹೆಂಡತಿ, ಕೂತಿದ್ದರು. ಮುಂಬಯಿಯಲ್ಲಿ ಐವತ್ತು ವರ್ಷ ಕಳೆದರೂ ಅವರಿಗೆ ಓದಲು ಬರುವುದು ಕನ್ನಡ ಒಂದೇ. ಫ್ಲೆಕ್ಸಿನ ಮೇಲಿನ ಹೆಸರನ್ನು ತುಟಿ ಅಲುಗಿಸುತ್ತಾ ಓದುತ್ತಿದ್ದರು. ಮತ್ತೆ ಮೊದಲಿನಿಂದ ಓದುತ್ತಿದ್ದರು. ನಾನು ಕಾಲು ಮುಟ್ಟಲು ಬಗ್ಗಿದಾಗ ಮೆಲ್ಲ ಕೇಳಿದರು:

"ಮಗಾ, ಅದು ಅವರ ಹೆಸರು ಹೌದಲ್ಲವಾ?"

ಹೌದು ಅಂದೆ. ಆಮೇಲೆ ಮಗನ ಹತ್ತಿರ ಹೋಗಿ ವಿಷಯ ಹೇಳಿದೆ. ಅವರಿಗೆ ಕನ್ನಡ ಅಷ್ಟಕ್ಕಷ್ಟೇ, ತಿರುಗಿ ನೋಡಿ, ಗೊತ್ತಾಗದೆ, ನನ್ನ ಮುಖ ನೋಡಿ ಗೊತ್ತು ಮಾಡಿಕೊಂಡರು. ಒಂದು ಮಾತೂ ಆಡದೆ ಫೋಟೊಗೆ ತಂದಿದ್ದ ಸೇವಂತಿಗೆಯ ಎರಡು ಮಾಲೆಗಳನ್ನು ಹೆಸರಿನ ಮೇಲೆ ಇಳಿಬಿಡಿಸಿದರು.

ಮೆಷಿನ್ನಿನ ಹುಡುಗನನ್ನು ಬಯ್ಯಲು ಫೋನು ಎತ್ತಿದ್ದೆ, ಇಟ್ಟುಬಿಟ್ಟೆ. ಫಾಂಟು ಇಲ್ಲ ಎಂದು ಕಂಪ್ಯೂಟರು ಕೇಳಿದಾಗ ಅವನು ಓಕೆ ಒತ್ತಿದ್ದಾನೆ. ಕನ್ನಡ ಬಾರದವನು ಇನ್ನೇನು ಒತ್ತಬೇಕಿತ್ತು? ನನ್ನನ್ನು ತಿಂಗಳುಗಟ್ಟಲೆ ತಿಂದದ್ದು ಬೇರೆಯೇ. ಆ ಫ್ಲೆಕ್ಸಿಗೆ ನಾನು 500 ರೂಪಾಯಿಯ ಬಿಲ್ಲು ಬರೆದಿದ್ದರೆ ಖಂಡಿತ ಪ್ರೂಫ್ ತೆಗೆಯುತ್ತಿದ್ದೆ, ಮಗನಿಗೆ ಕಳಿಸುತ್ತಿದ್ದೆ, ಅವರು ಅಮ್ಮನಿಗೆ ತೋರಿಸುತ್ತಿದ್ದರು. ದುಡ್ಡು ಬೇಡ ಅಂದ ಕ್ಷಣಕ್ಕೆ ನನ್ನ ಲೆಕ್ಕದಲ್ಲಿ ಋಣ ತೀರಿಬಿಟ್ಟಿತ್ತು. ಕೆಲಸ ಮಾತ್ರ ಉಳಿದಿತ್ತು, ಅದನ್ನು ಇಪ್ಪತ್ತು ನಿಮಿಷದಲ್ಲಿ ಹೊರಗೆ ಹಾಕಿದೆ. ಸಂಘದವರಿಗೆ, ದೇವಸ್ಥಾನದವರಿಗೆ ಅಷ್ಟು ವರ್ಷ ಪುಕ್ಕಟೆ ಮಾಡಿಕೊಟ್ಟ ಬ್ಯಾನರುಗಳನ್ನು ನೆನಪು ಮಾಡಿಕೊಂಡೆ. ಒಂದಕ್ಕೂ ಪ್ರೂಫ್ ತೆಗೆದದ್ದು ನೆನಪಾಗಲಿಲ್ಲ.

ಹಲಗೆ ಗೋಡೆಗೆ ಬಂದದ್ದು ಆ ದೀಪಾವಳಿಗೆ.

ಪರಿಣಾಮ ಕೂಡಲೇ ಆಯಿತು. ನವೆಂಬರ್ ಒಂದರ ಬ್ಯಾನರಿಗೆಂದು ಬಂದಿದ್ದ ಹಿರಿಯರೊಬ್ಬರು ಹಲಗೆಯನ್ನು ಎರಡು ಸಲ ಓದಿ, "ಕನ್ನಡದ ಕೆಲಸಕ್ಕೂ ದುಡ್ಡಾ? ನೀವೂ ಮುಂಬಯಿಯವರೇ ಆಗಿಬಿಟ್ಟಿರಿ" ಎಂದು ಎದ್ದುಹೋದರು. ಬೇರೆ ಕಡೆ ಮಾಡಿಸಿದರು. ಯಾರೋ ಕಂಪ್ಯೂಟರಿನಲ್ಲಿ ತರ್ಜುಮೆ ಮಾಡಿ ಅಂಟಿಸಿದ್ದ ಆ ಬ್ಯಾನರಿನಲ್ಲಿ ಮುಖ್ಯ ಅತಿಥಿಗಳು "ಪ್ರಮುಖ ವಿರುಂದಾಳಿ"ಯಂಥ ಏನೋ ಆಗಿದ್ದರಂತೆ, ಪೂರ್ತಿ ಸತ್ಯವೋ ನನ್ನನ್ನು ಖುಷಿಪಡಿಸಲು ಹೇಳಿದ್ದೋ. ನನ್ನ ಹೆಂಡತಿಗೂ ಹಲಗೆ ಇಷ್ಟವಾಗಲಿಲ್ಲ. "ಓದಿದರೆ ನನಗೇ ಒಳಗೆ ಬರ್ಲಿಕ್ಕೆ ಹೆದರಿಕೆ ಆಗ್ತದೆ" ಎಂದಳು. ಊರಿನಿಂದ ಭಾವ ಗೃಹಪ್ರವೇಶದ ಕಾಗದ ಮಾಡಿಕೊಡು ಎಂದು ಫೋನು ಮಾಡಿದಾಗ ನಾನೂ ಗೊಂದಲಕ್ಕೆ ಬಿದ್ದೆ. ಭಾವನ ಹತ್ತಿರ ದುಡ್ಡು ಕೇಳಿ ಆಮೇಲೆ ಅಕ್ಕನ ಮನೆಗೆ ಕಾಲಿಡುವುದುಂಟೇ?

ಕೊನೆಗೆ ಒಂದು ಉಪಾಯ ಮಾಡಿದೆ. ದುಡ್ಡು ತೆಗೆದುಕೊಳ್ಳದಿದ್ದರೂ ಬಿಲ್ಲು ಬರೆಯುತ್ತೇನೆ. ಡಿಸೈನು 500 ಎಂದು ಬರೆದು, ಕೆಳಗೆ "ಉಡುಗೊರೆ" ಎಂದು ಕಳೆದು, ಪ್ರೂಫು ಕಳಿಸಿ ಸಹಿ ತರಿಸಿಕೊಳ್ಳುತ್ತೇನೆ. ಸಂಘಗಳಾದರೆ ಅವರು 500 ಕೊಡಬೇಕು, ನಾನು 500 ದೇಣಿಗೆ ಕೊಟ್ಟು ರಸೀದಿ ಪಡೆಯುತ್ತೇನೆ. ದುಡ್ಡು ಮೇಜಿನ ಆ ಕಡೆಯಿಂದ ಈ ಕಡೆಗೆ ಬಂದು ವಾಪಸು ಹೋಗುತ್ತದೆ. ಇದೆಂಥ ನಾಟಕ ಎಂದು ಕೆಲವರು ನಗುತ್ತಾರೆ. ನಗಲಿ, ಪ್ರೂಫ್ ಓದುತ್ತಾರಲ್ಲ. ಎದ್ದುಹೋದ ಹಿರಿಯರು ಮಾತ್ರ ಈಗಲೂ ರೈಲಿನಲ್ಲಿ ಎದುರಾದರೆ ಕಿಟಕಿಯ ಹೊರಗೆ ನೋಡುತ್ತಾರೆ. ಅದು ನನಗೆ ಬೇಸರದ ವಿಷಯವೇ. ರಾತ್ರಿ ಶಾಲೆಯಲ್ಲಿ ಅವರು ನನಗಿಂತ ಎರಡು ವರ್ಷ ಮುಂದಿದ್ದರು.

ಧಣಿಗಳ ಮಗ ಅಂಗಡಿಗೆ ಬಂದದ್ದು ಅದಾದ ಒಂಬತ್ತು ವರ್ಷದ ಮೇಲೆ, 2023ರ ಅಕ್ಟೋಬರಿನಲ್ಲಿ. ನಡುವೆ ಅವರ ಮೆನು ಕಾರ್ಡೆಲ್ಲ ಬೇರೆಯವರಲ್ಲಿ ಆಗುತ್ತಿತ್ತು. ನಾನೂ ಕೇಳಿರಲಿಲ್ಲ. ಮಹಾರಾಷ್ಟ್ರದಲ್ಲಿ ಅಂಗಡಿಯ ಬೋರ್ಡು ದೇವನಾಗರಿಯ ಮರಾಠಿಯಲ್ಲಿ ಮೊದಲು ಇರಬೇಕು, ಬೇರೆ ಲಿಪಿಗಿಂತ ಸಣ್ಣದಿರಬಾರದು ಎಂಬ ನಿಯಮವನ್ನು 2022ರಲ್ಲಿ ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಅಂಗಡಿಗಳಿಗೂ ಅನ್ವಯಿಸಿದ್ದರು. ವ್ಯಾಪಾರಿಗಳು ಕೋರ್ಟಿಗೆ ಹೋಗಿದ್ದರು. 2023ರ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟು ಎರಡು ತಿಂಗಳ ಗಡುವು ಕೊಟ್ಟಿತು. ಆ ಎರಡು ತಿಂಗಳು ಮುಂಬಯಿಯ ಬೋರ್ಡಿನವರಿಗೆಲ್ಲ ಸುಗ್ಗಿ.

ಏಣಿ ಹತ್ತಿ ನಾನು ಪೆನ್ಸಿಲಿನಲ್ಲಿ ಬರೆದ ಬೋರ್ಡು ಎಂದೋ ಹೋಗಿತ್ತು. ಆದರೆ ಆಮೇಲಿನ ಎರಡು ಬೋರ್ಡುಗಳಲ್ಲೂ ಕೆಳಗೆ ಆ ಕನ್ನಡ ಸಾಲು ಉಳಿದಿತ್ತು. ಈಗ ಬೇಕಾದದ್ದು ಎಲ್‌ಇಡಿ ಬೋರ್ಡು, ಹದಿನಾಲ್ಕಡಿ ಉದ್ದ, ಮೂರಡಿ ಎತ್ತರ. ಮರಾಠಿಗೆ ಹದಿನಾಲ್ಕು ಇಂಚು, ಇಂಗ್ಲಿಷಿಗೆ ಎಂಟು, ನಡುವಿನ ಜಾಗ, ಅಂಚು ಎಲ್ಲ ಕಳೆದರೆ ಕನ್ನಡಕ್ಕೆ ಐದು ಇಂಚು. ಐದು ಇಂಚಿನಲ್ಲಿ ಒತ್ತಿಗೆ ಕೆಳಗೆ ಜಾಗ ಬಿಟ್ಟರೆ ಅಕ್ಷರದ ಮೈ ಮೂರು ಇಂಚು. ಅಷ್ಟು ಸಣ್ಣ ಅಕ್ಷರದ ಹೊಟ್ಟೆಯೊಳಗೆ ದೀಪ ಕೂರಿಸಲು ಫ್ಯಾಬ್ರಿಕೇಟರ್ ಒಪ್ಪಲಿಲ್ಲ, ಅಕ್ರಿಲಿಕ್ ಕತ್ತರಿಸಿ ಅಂಟಿಸೋಣ ಎಂದ. ರೇಟು ಕಟ್ಟಲು ಎಣಿಸತೊಡಗಿದ. ಕೃಷ್ಣ ಎಂದರೆ ನಮಗೆ ಎರಡು ಅಕ್ಷರ, ಅವನಿಗೆ ನಾಲ್ಕು ತುಂಡು: ಕ, ಅದರ ಕೆಳಗಿನ ಬಾಲ, ಷ, ಅದರ ಕೆಳಗಿನ ಮರಿ. ಮರಾಠಿಯಲ್ಲಾದರೆ ತಲೆಗೆರೆ ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ಎಲ್ಲವನ್ನೂ ಹಿಡಿದುಕೊಂಡಿರುತ್ತದೆ, ಹೆಸರಿಗೆ ಹೆಸರೇ ಒಂದು ತುಂಡು. ಕನ್ನಡಕ್ಕೆ ಜಾಗ ಕಡಿಮೆ, ಕೂಲಿ ಜಾಸ್ತಿ.

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕನ್ನಡ ಓದುವವರು ಈಗ ಯಾರು ಬರ್ತಾರೆ ಹೇಳಿ. ಮಾಣಿಗಳೂ ಒರಿಸ್ಸಾದವರು, ಬಂಗಾಳದವರು" ಅಂದರು. ನಾನು ಏನೂ ಹೇಳಲಿಲ್ಲ. ಬೋರ್ಡು ಅವರದು, ದುಡ್ಡು ಅವರದು.

"ಆದರೆ ಅಮ್ಮ ಕೇಳ್ತಾರೆ" ಎಂದರು. ಹಲಗೆ ನೋಡಿ, ಡಿಸೈನಿನ 6,000ದಲ್ಲಿ ಅರ್ಧವನ್ನು ಫೋನಿನಿಂದಲೇ ಹಾಕಿದರು. ಚೌಕಾಶಿ ಮಾಡಲಿಲ್ಲ.

ಕನ್ನಡ ಸಾಲಿಗೆ ನಾನು ಯಾವ ಫಾಂಟನ್ನೂ ಹಾಕಲಿಲ್ಲ. ಅವರಲ್ಲಿದ್ದ ಹಳೆಯ ಫೋಟೊವೊಂದರಲ್ಲಿ ಮೊದಲ ಬೋರ್ಡು ಅರೆಬರೆ ಕಾಣುತ್ತಿತ್ತು. ಅದನ್ನು ಕೆಳಗಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ಗೆರೆಯಲ್ಲಿ ಎಳೆದೆ. ಒತ್ತುಗಳನ್ನು ಆದಷ್ಟು ಮೇಲೆ, ಮೈಗೆ ತಾಗಿಸಿ ಕೂರಿಸಿದರೆ ಎರಡು ತುಂಡು ಒಂದಾಗುತ್ತದೆ, ಅಕ್ಷರವೂ ಅರ್ಧ ಇಂಚು ಬೆಳೆಯುತ್ತದೆ. ನಾಲ್ಕು ರಾತ್ರಿ ಹಿಡಿಯಿತು. ಕರ್ವ್ ಮಾಡಿದೆ, ಮತ್ತೆ ತೆರೆದು ನೋಡಿದೆ, ಪೆನ್ ಡ್ರೈವಿನಲ್ಲಿ ಹಾಕಿ ಪಕ್ಕದ ಅಂಗಡಿಯ ಕಂಪ್ಯೂಟರಿನಲ್ಲೂ ತೆರೆದು ನೋಡಿದೆ. ಆಮೇಲೆ ಎ3 ಹಾಳೆಯಲ್ಲಿ ಪ್ರಿಂಟು ತೆಗೆದುಕೊಂಡು ಮಾಟುಂಗದ ಅವರ ಮನೆಗೆ ನಾನೇ ಹೋದೆ.

ಅಮ್ಮ ತುಂಬ ಸಣ್ಣಗಾಗಿದ್ದರು. ಕನ್ನಡಕ ತರಿಸಿಕೊಂಡು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು, ಗಟ್ಟಿಯಾಗಿ. ನಾನು ಪೆನ್ನಿನ ಮುಚ್ಚಳ ತೆಗೆದು ಹಿಡಿದು ಕೂತಿದ್ದೆ.

"ಎಷ್ಟು ತಗೊಂಡಿ ಮಗಾ?"

"ಆರು ಸಾವಿರ ಅಮ್ಮ."

"ಲೈಟಿಗಾ, ಅಕ್ಷರಕ್ಕಾ?"

"ಅಕ್ಷರಕ್ಕೆ. ಲೈಟಿನದ್ದು ಬೇರೆ."

ತಲೆಯಾಡಿಸಿದರು. ಹಾಳೆಯನ್ನು ಇನ್ನೊಮ್ಮೆ ಹತ್ತಿರಕ್ಕೆ ತಂದು ಷ-ದ ಕೆಳಗೆ ಬೆರಳಿಟ್ಟರು.

"ಈ ಣ ಸಣ್ಣ ಆಯಿತಲ್ಲ. ಮೊದಲಿನದ್ದರಲ್ಲಿ ಇಷ್ಟು ಸಣ್ಣ ಇರಲಿಲ್ಲ."

ಸಹಿ ಹಾಕಲಿಲ್ಲ. ಕಾಫಿ ಕುಡಿದು ಬಂದೆ. ಆ ರಾತ್ರಿ ಒತ್ತನ್ನು ಒಂದು ಗೆರೆಯಷ್ಟು ದೊಡ್ಡದು ಮಾಡಿ, ಮಾರನೆಯ ದಿನ ಎರಡನೆಯ ಪ್ರೂಫ್ ಹಿಡಿದುಕೊಂಡು ಮತ್ತೆ ಮಾಟುಂಗದ ಲೋಕಲ್ ಹತ್ತಿದೆ.